ಮೂರು ಭಾನುವಾರದ ಮದ್ದು

ಅಜ್ಜಂಪುರ
12 ಜನವರಿ 1978

ಚಿ. ವಿಶಾಲಾಕ್ಷಿಗೆ ನಿನ್ನ ಅಪ್ಪ ಗಂಗಾಧರಯ್ಯನ ಆಶೀರ್ವಾದ.

ಇಲ್ಲಿ ನಾನೂ ನಿಮ್ಮವ್ವನೂ ಚೆನ್ನಾಗಿದ್ದೇವೆ. ನೀನು ಚೆನ್ನಾಗಿಲ್ಲವೆಂಬುದನ್ನು ಮಾತ್ರ ಪಕ್ಕದ ಮನೆ ಪಾಪಮ್ಮನ ಬಾಯಿಂದ ಕೇಳಬೇಕಾಯಿತು. ಕಡೂರು ಸಂತೆಗೆ ಬಂದಿದ್ದಳಂತೆ. ನೀನು ತಲೆಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡು, ಒಂದು ಕಣ್ಣು ಮುಚ್ಚಿಕೊಂಡು ಆಫೀಸಿನ ಕಡೆ ನಡೆಯುತ್ತಿದ್ದೆಯಂತೆ. ಇದನ್ನು ನನಗೊಬ್ಬನಿಗೆ ಹೇಳಿದ್ದರೆ ಸುಮ್ಮನಿರುತ್ತಿದ್ದೆ. ಜಗಲಿಯಲ್ಲಿ ಮದ್ದಿಗೆಂದು ಕೂತಿದ್ದ ಎಂಟು ಜನರ ಮುಂದೆ ಹೇಳಿದಳು. "ಅಯ್ಯನೋರೇ, ಊರೋರ ತಲೆನೋವೆಲ್ಲ ಬಿಡಿಸ್ತೀರ, ನಿಮ್ ಮಗಳಿಗೇ ಅರೆತಲೆ ಹಿಡ್ಕೊಂಡೈತಲ್ಲ" ಅಂದಳು. ನನ್ನ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ನಾಲ್ಕು ತಲೆಮಾರಿನಿಂದ ನಮ್ಮ ಮನೆಯ ಮದ್ದಿಗೆ ಹೆಸರಿದೆ. ತರೀಕೆರೆಯವರು, ದೇವನೂರಿನವರು ಶನಿವಾರ ಸಂಜೆಯೇ ಬಂದು ನಮ್ಮ ಜಗಲಿಯಲ್ಲಿ ಮಲಗಿ, ಬೆಳಗ್ಗೆ ಮದ್ದು ಹಾಕಿಸಿಕೊಂಡು ಹೋಗುತ್ತಾರೆ. ಅಮೃತಮಹಲ್ ಫಾರಮ್ಮಿನ ಡಾಕ್ಟರು, ದನ ನೋಡುವವರಾದರೂ ಓದಿದವರೇ, ಅವರೂ ಬಂದು ಕಾಲು ಚಾಚಿ ಕೂತಿದ್ದಾರೆ. ಹೀಗಿರುವಾಗ ನನ್ನ ಮಗಳು ತಲೆಗೆ ಬಟ್ಟೆ ಕಟ್ಟಿಕೊಂಡು ಕಡೂರು ಬೀದಿಯಲ್ಲಿ ಓಡಾಡುವುದೆಂದರೇನು?

ಸೊಪ್ಪು ಬಾಡುತ್ತದೆಂದು ಬೇರು ಕಳಿಸಿದ್ದೇನೆ. ಬಸ್ಸಿನ ಕೆಂಚಪ್ಪ ತಂದುಕೊಡುತ್ತಾನೆ. ಭಾನುವಾರ ಹೊತ್ತು ಹುಟ್ಟುವ ಮೊದಲು ಮಿಂದು, ಪೂರ್ವಕ್ಕೆ ಮುಖ ಮಾಡಿ, ಬೇರನ್ನು ಕಲ್ಲಿನ ಮೇಲೆ ನೀರಲ್ಲಿ ತೇಯ್ದು, ನೋವು ಎಡಕ್ಕಿದ್ದರೆ ಬಲಗಾಲಿನ ಹೆಬ್ಬೆರಳ ಉಗುರಿಗೆ ಹಚ್ಚು. ಉಳಿದದ್ದನ್ನು ಹುಬ್ಬಿನ ಪಕ್ಕಕ್ಕೆ ಹಚ್ಚು. ಎದ್ದಾಗಿನಿಂದ ಹೊತ್ತು ಒಂದು ಮಾರು ಮೇಲೆ ಬರುವ ತನಕ ಒಂದು ಮಾತೂ ಆಡಕೂಡದು. ಮೂರು ಭಾನುವಾರ ಹೀಗೆ ಮಾಡಿದರೆ ಸಾಕು. ನಾಲ್ಕನೆಯದು ಯಾರಿಗೂ ಬೇಕಾಗಿಲ್ಲ.

ಗಂಗಾಧರಯ್ಯ

*

ಕಡೂರು
7 ಫೆಬ್ರವರಿ 1978

ಪೂಜ್ಯ ಅಪ್ಪನವರಿಗೆ ವಿಶಾಲಾಕ್ಷಿಯ ನಮಸ್ಕಾರಗಳು.

ಬೇರು ತಲುಪಿತು. ಮನೆಯೊಡತಿ ಹುಚ್ಚಮ್ಮನವರ ಕಲ್ಲಿನಲ್ಲೇ ತೇಯ್ದೆ. ಮೂರು ಭಾನುವಾರ ಮೊನ್ನೆಗೆ ಮುಗಿಯಿತು. ತಲೆ ಹಗುರವಾಗಿದೆ. ನೀವು ಯೋಚನೆ ಮಾಡಬೇಡಿ, ಪಾಪಮ್ಮನಿಗೂ ಹೇಳಿಬಿಡಿ.

ನನ್ನ ಕೆಲಸ ಹೇಗಿದೆಯೆಂದು ನೀವು ಒಂದು ಸಲವೂ ಕೇಳಿಲ್ಲ. ನಾನೇ ಹೇಳುತ್ತೇನೆ. ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು ಟೆಲಿಫೋನ್ ಎಕ್ಸ್‌ಚೇಂಜಿನ ಬೋರ್ಡಿನ ಮುಂದೆ ಕೂತರೆ ಇಡೀ ತಾಲ್ಲೂಕು ಬಂದು ನನ್ನ ಕಿವಿಯಲ್ಲಿ ಮಾತಾಡುತ್ತದೆ. ಕೊಬ್ಬರಿ ವ್ಯಾಪಾರಿಗಳಿಗೆ ಬೆಳಗಾಗುವ ಮೊದಲೇ ತಿಪಟೂರಿನ ರೇಟು ಬೇಕು. ಸಖರಾಯಪಟ್ಟಣದವರಿಗೆ ಚಿಕ್ಕಮಗಳೂರಿನ ಲೈನು ಬೇಕು. ಯಾರ ದನಿ ಯಾರದೆಂದು ಈಗ ನನಗೆ ನಂಬರ್ ಕೇಳದೆಯೇ ಗೊತ್ತಾಗುತ್ತದೆ. ಭಾನುವಾರ ಬೆಳಗಿನ ಡ್ಯೂಟಿ ಬೇರೆಯವರು ಯಾರೂ ಒಪ್ಪುವುದಿಲ್ಲವಾದ್ದರಿಂದ ಹೊಸಬಳಾದ ನನಗೇ ಹಾಕುತ್ತಾರೆ. ಆರು ಗಂಟೆಗೆಲ್ಲ ಕೂತುಬಿಡಬೇಕು.

ಬರುವ ನವೆಂಬರಿಗೆ ಎರಡು ವರ್ಷ ತುಂಬುತ್ತದೆ. ಆಗ ಕೆಲಸ ಕಾಯಂ ಆಗಬೇಕು. ಅಲ್ಲಿಯ ತನಕ ಒಂದು ತಪ್ಪೂ ಆಗಬಾರದು ಅಂತ ಹಲ್ಲು ಕಚ್ಚಿಕೊಂಡು ಮಾಡುತ್ತಿದ್ದೇನೆ.

ವಿಶಾಲಾಕ್ಷಿ

*

ಅಜ್ಜಂಪುರ
16 ಫೆಬ್ರವರಿ 1978

ಮಗಳಿಗೆ ಆಶೀರ್ವಾದ.

ನಿನ್ನ ಕಾಗದವನ್ನು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಿದೆ. ಪಾಪಮ್ಮನನ್ನು ಕರೆಸಿಯೇ ಓದಿದೆ. "ತಲೆ ಹಗುರವಾಗಿದೆ" ಅನ್ನುವ ಕಡೆ ಎರಡು ಸಲ ಓದಿದೆ. ಅವಳು ಎಲೆ ಅಡಿಕೆ ಹಾಕಿಕೊಂಡು ಬೇರೆ ಕಡೆ ನೋಡಿದಳು. ಈ ಭಾನುವಾರ ಹದಿನಾರು ಜನ ಬಂದಿದ್ದರು.

ನಿಮ್ಮವ್ವ ಕಾಶಮ್ಮ ಮಾತ್ರ ಒಂದು ತಗಾದೆ ತೆಗೆದಳು. "ಆರು ಗಂಟೆಗೆ ಡ್ಯೂಟಿ ಅಂತಾಳೆ, ಹೊತ್ತು ಹುಟ್ಟಾಗಂಟ ಮಾತಾಡ್ದೆ ಹೆಂಗಿದ್ಲು?" ಅಂದಳು. ಅವಳಿಗೆ ನಾನು ಏನು ಮಾಡಿದರೂ ಅದರಲ್ಲೊಂದು ಹುಳುಕು ಕಾಣಬೇಕು. ಅಷ್ಟು ಹೊತ್ತಿಗೇ ಯಾರು ಟೆಲಿಫೋನು ಮಾಡುತ್ತಾರೆ, ಹುಡುಗಿ ಸುಮ್ಮನೆ ಕೂತಿರುತ್ತಾಳೆ ಅಂತ ಹೇಳಿ ಬಾಯಿ ಮುಚ್ಚಿಸಿದೆ.

ಕಾಯಂ ಆಗುವ ಸಂಗತಿ ಓದಿದೆ. ಆಗಲಿ. ತಲೆನೋವು ಹೋಯಿತಲ್ಲ, ಇನ್ನೇನು ಅಡ್ಡಿ?

ಗಂಗಾಧರಯ್ಯ

*

ಕಡೂರು
2 ಮೇ 1978

ಅಪ್ಪನವರಿಗೆ ನಮಸ್ಕಾರ. ಕೆಲಸ ಜಾಸ್ತಿ, ಅದಕ್ಕೇ ಇಷ್ಟು ದಿನ ಬರೆಯಲಾಗಲಿಲ್ಲ, ಈಗಲೂ ಕಾರ್ಡೇ ಹಾಕುತ್ತಿದ್ದೇನೆ. ನನ್ನ ಜೊತೆ ಕೆಲಸ ಮಾಡುವ ಒಬ್ಬ ಹುಡುಗಿಗೆ ಅರೆತಲೆನೋವು. ತಿಂಗಳಿಗೆ ನಾಲ್ಕು ಸಲ ಬರುತ್ತದೆ. ಬಂತೆಂದರೆ ಬೆಳಕು ಆಗದು, ಸದ್ದು ಆಗದು, ವಾಂತಿ ಬೇರೆ. ನಮ್ಮ ಮನೆಯ ಮದ್ದನ್ನು ಯಾರೋ ತಂದುಕೊಟ್ಟಿದ್ದರಂತೆ, ಹಚ್ಚಿಕೊಂಡಳಂತೆ, ಅವಳಿಗೆ ಹಿಡಿಯಲಿಲ್ಲವಂತೆ. ಮನೆಯಲ್ಲೇ ಮಾಡಿಕೊಳ್ಳುವಂಥದ್ದು ಬೇರೆ ಏನಾದರೂ ಇದ್ದರೆ ದಯವಿಟ್ಟು ಬರೆಯಿರಿ. ಅವಳು ಹೆಚ್ಚು ರಜ ಹಾಕುವಂತಿಲ್ಲ.

ವಿಶಾಲಾಕ್ಷಿ

*

ಅಜ್ಜಂಪುರ
11 ಮೇ 1978

ಮಗಳಿಗೆ ಆಶೀರ್ವಾದ.

ನಿನ್ನ ಕಾರ್ಡು ನೋಡಿ ಮೈ ಉರಿಯಿತು. ಹಿಡಿಯಲಿಲ್ಲವಂತೆ! ಆ ಹುಡುಗಿ ಖಂಡಿತ ಮಾತಾಡಿರುತ್ತಾಳೆ. ಪೇಟೆ ಹುಡುಗಿಯರಿಗೆ ಎರಡು ಗಂಟೆ ಬಾಯಿ ಮುಚ್ಚಿಕೊಂಡಿರುವುದು ಆಗುವ ಮಾತೇ? ಪಥ್ಯ ಕೆಡಿಸಿಕೊಂಡು ಮದ್ದಿನ ಮೇಲೆ ಹೇಳುವುದು ನನಗೆ ಸೇರುವುದಿಲ್ಲ. ಬೇಕಿದ್ದರೆ ನಮ್ಮ ಬಾಗಿಲಿಗೆ ಬರಲಿ, ನನ್ನ ಕೈಯಿಂದಲೇ ಹಚ್ಚುತ್ತೇನೆ. ಬೇರೆ ಮದ್ದು ನನಗೆ ಗೊತ್ತಿಲ್ಲ, ನಮ್ಮ ಮನೆಯಲ್ಲಿ ಇರುವುದು ಒಂದೇ.

ಇಷ್ಟು ಬರೆದು ಮುಗಿಸುವ ಹೊತ್ತಿಗೆ ನಿಮ್ಮವ್ವ ಪಕ್ಕದಲ್ಲಿ ಬಂದು ಕೂತು, ತಾನು ಹೇಳಿದ್ದನ್ನೂ ಬರೆಯಲೇಬೇಕೆಂದು ಹಟ ಹಿಡಿದಿದ್ದಾಳೆ. ಬರೆಯುತ್ತೇನೆ, ಇದು ಮದ್ದಲ್ಲ, ಅಡುಗೆಮನೆಯ ಉಪಚಾರ. ಆ ಹುಡುಗಿ ಹಸಿದುಕೊಂಡು ಕೆಲಸಕ್ಕೆ ಹೋಗಕೂಡದಂತೆ. ಬರಿ ಕಾಫಿ ಕುಡಿದು ಓಡುವುದನ್ನು ಬಿಟ್ಟು, ಒಂದು ಲೋಟ ರಾಗಿ ಅಂಬಲಿಗೆ ಮಜ್ಜಿಗೆ ಹಾಕಿ ಕುಡಿದು ಹೋಗಬೇಕಂತೆ. ನೋವು ಇನ್ನೂ ಕಣ್ಣಿನ ಹಿಂದೆ ಕುಟುಕುವಾಗಲೇ ಶುಂಠಿ ಜಜ್ಜಿ ಕೊತ್ತಂಬರಿ ಬೀಜದ ಜೊತೆ ಕುದಿಸಿ ಬಿಸಿಬಿಸಿ ಕುಡಿಯಬೇಕಂತೆ. ಏರಿದ ಮೇಲೆ ಕುಡಿದರೆ ವಾಂತಿಯಾಗುತ್ತದಂತೆ. ಆಮೇಲೆ ಕಿಟಕಿ ಮುಚ್ಚಿ, ಹಣೆಗೂ ಕತ್ತಿನ ಹಿಂದಕ್ಕೂ ತಣ್ಣೀರ ಬಟ್ಟೆ ಹಾಕಿಕೊಂಡು ಮಲಗಬೇಕಂತೆ. ನಮ್ಮ ಜಗಲಿಗೆ ಬಂದವರನ್ನೆಲ್ಲ ಮದ್ದು ಹಚ್ಚಿದ ಮೇಲೆ ಒಳಗಿನ ಕತ್ತಲೆ ಕೋಣೆಯಲ್ಲಿ ಮಲಗಿಸಿ ಅಂಬಲಿ ಕೊಡುವವಳು ಅವಳೇ ತಾನೆ, ಅದಕ್ಕೇ ಇಷ್ಟು ಧೈರ್ಯ.

ಇನ್ನೊಂದು ಮಾತು ಹೇಳಿದಳು. "ಆ ಹುಡುಗಿ ನಮ್ ವಿಶಾಲನ್ ಚಾಪೆ ಮೇಲೇ ಮಲಗ್ತಾಳೇನೋ ಕೇಳಿ" ಅಂದಳು. ಇದರ ಅರ್ಥ ನನಗಾಗಲಿಲ್ಲ. ಇದ್ದದ್ದು ಇದ್ದಂತೆ ಬರೆದಿದ್ದೇನೆ.

ಗಂಗಾಧರಯ್ಯ

*

ಕಡೂರು
24 ಜುಲೈ 1978

ಪೂಜ್ಯ ಅಪ್ಪನವರಿಗೆ, ಅವ್ವನಿಗೆ ನಮಸ್ಕಾರಗಳು.

ಅವ್ವ ಹೇಳಿದ ಉಪಚಾರದಿಂದ ಆ ಹುಡುಗಿಗೆ ಗುಣ ಕಾಣುತ್ತಿದೆ. ನಾಲ್ಕು ಸಲ ಬರುತ್ತಿದ್ದದ್ದು ಎರಡಕ್ಕೆ ಇಳಿದಿದೆ. ಪೂರಾ ಹೋಗಿಲ್ಲ. ಇಲ್ಲಿನ ಡಾಕ್ಟರನ್ನೂ ಕೇಳಿದಳು. ಇದು ಬೇರುಸಹಿತ ಹೋಗುವ ಕಾಯಿಲೆಯಲ್ಲ, ಬರುವುದನ್ನು ಕಡಿಮೆ ಮಾಡಿಕೊಂಡು ಬದುಕಬೇಕು, ಅಂಬಲಿ ಕುಡಿಯುವುದನ್ನೂ ಹೊತ್ತಿಗೆ ಸರಿಯಾಗಿ ನಿದ್ದೆ ಮಾಡುವುದನ್ನೂ ಬಿಡಬೇಡ ಅಂದರಂತೆ. ತೀರ ಏರಿದ ದಿನಕ್ಕೆ ಒಂದು ಮಾತ್ರೆ ಕೊಟ್ಟಿದ್ದಾರೆ. ಅವಳೇ ಗಮನಿಸಿ ಕೆಲವು ಸಂಗತಿ ಕಂಡುಕೊಂಡಿದ್ದಾಳೆ. ಡ್ಯೂಟಿ ಬದಲಾದ ವಾರ ಜಾಸ್ತಿ. ಹೆಡ್‌ಸೆಟ್ ಬಿಗಿಯಾದ ದಿನ ಜಾಸ್ತಿ. ಬೋರ್ಡಿನ ಎದುರಿನ ಕಿಟಕಿಯಿಂದ ಬಿಸಿಲು ಕಣ್ಣಿಗೆ ಹೊಡೆದರೆ ಗ್ಯಾರಂಟಿ. ಆ ಕಿಟಕಿಗೆ ತಾನೇ ಒಂದು ಹಳೆ ಸೀರೆ ತುಂಡು ಕಟ್ಟಿದ್ದಾಳೆ.

ಹೋದ ತಿಂಗಳು ಒಂದು ದಿನ ಅವಳ ಎಡಗಣ್ಣಿಗೆ ಏನೂ ಕಾಣುತ್ತಿರಲಿಲ್ಲ, ಅಷ್ಟು ನೋವು. ಆಗಲೇ ಪಂಚನಹಳ್ಳಿಯಿಂದ ಫೋನು ಬಂತು, ತೆಂಗಿನ ಮರದಿಂದ ಬಿದ್ದವನೊಬ್ಬನಿಗೆ ಮಾತೇ ನಿಂತುಹೋಗಿದೆಯೆಂದು. ಲೈನುಗಳೆಲ್ಲ ತುಂಬಿದ್ದವು. ಅವಳು ಬೀರೂರು ಎಕ್ಸ್‌ಚೇಂಜಿನವರನ್ನು ಬೇಡಿಕೊಂಡು, ಒಬ್ಬ ವ್ಯಾಪಾರಿಯ ಮಾತು ನಡುವೆಯೇ ಬಿಡಿಸಿ, ನಾಲ್ಕು ನಿಮಿಷದಲ್ಲಿ ದೊಡ್ಡಾಸ್ಪತ್ರೆಗೆ ಲೈನ್ ಕೊಟ್ಟಳು. ಆ ಮನುಷ್ಯ ಉಳಿದ. ಆಮೇಲೆ ಅವಳು ಹಿಂದಿನ ಕೋಣೆಗೆ ಹೋಗಿ ವಾಂತಿ ಮಾಡಿಕೊಂಡು, ಮುಖ ತೊಳೆದು, ಮತ್ತೆ ಬಂದು ಕೂತಳು. ಅದು ಯಾರಿಗೂ ಗೊತ್ತಿಲ್ಲ.

ನವೆಂಬರಿಗೆ ಅವಳದ್ದೂ ಕಾಯಂ ಆಗಬೇಕು. ಆಪರೇಟರಿಗೆ ತಲೆನೋವೆಂದರೆ ಈ ಕೆಲಸಕ್ಕೆ ಲಾಯಕ್ಕಿಲ್ಲ ಅಂದುಬಿಡುತ್ತಾರೆಂದು ರಜದ ಅರ್ಜಿಯಲ್ಲಿ ಪ್ರತಿ ಸಲವೂ ಜ್ವರ ಅಂತಲೇ ಬರೆಯುತ್ತಾಳೆ. ತಪ್ಪು ಅಂತ ಅವಳಿಗೆ ಗೊತ್ತು. ಬೇರೆ ದಾರಿ ಕಾಣಲಿಲ್ಲ.

ಅವ್ವನಿಗೆ ಅವಳ ಕಡೆಯಿಂದ ಬಹಳ ಬಹಳ ನಮಸ್ಕಾರ ತಿಳಿಸಿ.

ವಿಶಾಲಾಕ್ಷಿ

*

ಅಜ್ಜಂಪುರ
18 ಸೆಪ್ಟೆಂಬರ್ 1978

ಮಗಳಿಗೆ ಆಶೀರ್ವಾದ.

ನಿನ್ನೆಯ ಭಾನುವಾರವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ನಮ್ಮ ಬಾಗಿಲಿಗೆ ನಿಮ್ಮ ಆಫೀಸಿನ ದೊಡ್ಡವರು ಬಂದಿದ್ದರು. ಷಣ್ಮುಖಪ್ಪ ಅಂತ ಹೆಸರು, ಟೆಲಿಫೋನಿನ ಸೂಪರ್‌ವೈಸರು. ಅವರ ಹೆಂಡತಿ ಸಾವಿತ್ರಮ್ಮನಿಗೆ ಹನ್ನೆರಡು ವರ್ಷದಿಂದ ಅರೆತಲೆನೋವಂತೆ. ನಮ್ಮ ಮದ್ದಿನ ಸುದ್ದಿ ಅಲ್ಲಿಯ ತನಕ ಹೋಗಿದೆ ನೋಡು. ಆಕೆ ಒಂದು ಮಾತೂ ಆಡದೆ ಮದ್ದು ಹಚ್ಚಿಸಿಕೊಂಡು ಒಳಗೆ ಹೋಗಿ ಮಲಗಿದರು. ಸಾಹೇಬರು ಜಗಲಿಯಲ್ಲಿ ಕೂತರು.

ಇದು ನಿಜವಾಗಿ ಗುಣವಾಗುತ್ತದೆಯೇ ಅಂತ ಅನುಮಾನದಲ್ಲಿ ಕೇಳಿದರು. ನಾನು ಬಿಡುತ್ತೇನೆಯೇ? "ಸ್ವಾಮಿ, ನನ್ ಮಗಳೇ ಸಾಕ್ಷಿ. ನಿಮ್ ಕಡೂರ್ನಲ್ಲೇ ಟೆಲಿಫೋನ್ ಕೆಲ್ಸದಾಗವ್ಳೆ, ವಿಶಾಲಾಕ್ಷಿ ಅಂತ. ಅರೆತಲೆ ಬಂದು ಸಾಯ್ತಿದ್ಲು. ಮೂರೇ ಭಾನುವಾರ, ಫೆಬ್ರವರಿಯಿಂದ ಈಚೆಗೆ ಒಂದಿನ ತಲೆ ಹಿಡ್ಕೊಂಡಿಲ್ಲ" ಅಂದೆ. ಅವರು ಬೆರಗಾದರು. ಆಮೇಲೆ ನಿನ್ನ ಹೆಸರನ್ನು ಇನ್ನೊಂದು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಇನ್ನು ನಿನ್ನ ಕೆಲಸ ಕಾಯಂ ಆಯಿತೆಂದೇ ತಿಳಿ. ನನ್ನಿಂದ ನಿನಗೆ ಇಷ್ಟಾದರೂ ಉಪಕಾರವಾಯಿತಲ್ಲ.

ಗಂಗಾಧರಯ್ಯ

*

ಕಡೂರು
21 ಸೆಪ್ಟೆಂಬರ್ 1978

ಅಪ್ಪ,

ನೀವು ನನ್ನ ಕೆಲಸ ಕಳೆದಿರಿ.

ನಿನ್ನೆ ಸಾಹೇಬರು ಒಳಗೆ ಕರೆದು ನನ್ನ ರಜದ ಅರ್ಜಿಗಳನ್ನೆಲ್ಲ ಮೇಜಿನ ಮೇಲೆ ಹರಡಿದರು. ತಲೆನೋವು ಫೆಬ್ರವರಿಗೇ ವಾಸಿಯಾಯಿತಂತೆ, ನಿಮ್ಮ ತಂದೆಯವರೇ ಹೇಳಿದರು, ಸಂತೋಷ ಅಂದರು. ಮಾರ್ಚಿನಿಂದ ಈಚೆಗೆ ಒಂಬತ್ತು ಸಲ ಜ್ವರ ಬಂದದ್ದು ಹೇಗೆ ಅಂತ ಕೇಳಿದರು. ನಾನು ತಲೆನೋವು ಇದೆ ಅಂದೆ. "ನಿಮ್ಮಪ್ಪ ಸುಳ್ಳು ಹೇಳಿದ್ರೋ, ನೀನು ಹೇಳ್ತಿದ್ದೀಯೋ?" ಅಂದರು. ಇಪ್ಪತ್ತೇಳನೇ ತಾರೀಖಿನೊಳಗೆ ಲಿಖಿತ ವಿವರಣೆ ಕೊಡಬೇಕು. ಒಪ್ಪಿಗೆಯಾಗದಿದ್ದರೆ ಕಾಯಂ ಮಾಡದೆ ಮನೆಗೆ ಕಳಿಸುತ್ತಾರೆ.

ಈಗ ಎಲ್ಲವನ್ನೂ ಹೇಳಿಬಿಡುತ್ತೇನೆ. ಆ ಹುಡುಗಿ ನಾನೇ. ಅವ್ವನಿಗೆ ಕಾರ್ಡು ಬಂದ ದಿನವೇ ಗೊತ್ತಾಗಿದೆ, ನಿಮಗೆ ಮಾತ್ರ ಗೊತ್ತಾಗಲಿಲ್ಲ. ಮೂರು ಭಾನುವಾರವೂ ಹೊತ್ತು ಹುಟ್ಟುವ ಮೊದಲೇ ಮದ್ದು ಹಚ್ಚಿಕೊಂಡು ಬೋರ್ಡಿನ ಮುಂದೆ ಕೂತು "ನಂಬರ್ ಪ್ಲೀಸ್" ಅಂತ ನೂರು ಸಲ ಅಂದಿದ್ದೇನೆ. ಮಾತಾಡದೆ ಇರುವುದಕ್ಕೆ ನನಗೆ ಸಂಬಳ ಕೊಡುವುದಿಲ್ಲ. ಪಥ್ಯ ಕೆಟ್ಟಿತಲ್ಲ, ಅದಕ್ಕೇ ಹಿಡಿಯಲಿಲ್ಲ ಅಂತ ನೀವು ಅನ್ನುತ್ತೀರಿ. ಕೇಳಿ. ಮಾರ್ಚಿನಲ್ಲಿ ಮೂರು ಭಾನುವಾರ ಡ್ಯೂಟಿ ಬದಲಾಯಿಸಿಕೊಂಡು, ನೀವು ಹೇಳಿದಂತೆಯೇ ಬಾಯಿ ಬಿಡದೆ, ಉಳಿದ ಬೇರನ್ನು ತೇಯ್ದು ಹಚ್ಚಿಕೊಂಡೆ. ಕೊನೆಯ ಭಾನುವಾರ ಕಳೆದು ಮಂಗಳವಾರವೇ ಬಂತು.

ಇದನ್ನು ನಿಮಗೆ ಹೇಳಲಿಲ್ಲ. ಯಾಕೆಂದರೆ ನಾನು ಚಿಕ್ಕವಳಿದ್ದಾಗಿನಿಂದ ಜಗಲಿಯ ತುಂಬ ಜನ ಕೂತು ನಿಮ್ಮ ಕೈಯನ್ನೇ ನೋಡುವುದನ್ನು ಕಂಡಿದ್ದೇನೆ. ನನಗೆ ಅದು ಬಹಳ ಹೆಮ್ಮೆ. ನನ್ನ ತಲೆಯ ದೆಸೆಯಿಂದ ನಿಮ್ಮ ಹೆಸರಿಗೆ ಕುಂದು ಬರಬಾರದು ಅಂತ ಸುಳ್ಳು ಬರೆದೆ. ಆ ಸುಳ್ಳನ್ನೇ ನೀವು ತೆಗೆದುಕೊಂಡು ಹೋಗಿ ನನ್ನ ಸಾಹೇಬರ ಕೈಗೆ ಕೊಟ್ಟಿರಿ.

ಇಲ್ಲಿಗೆ ಬರಬೇಡಿ. ನನಗೆ ನಿಮ್ಮ ಮುಖ ನೋಡುವ ಶಕ್ತಿಯಿಲ್ಲ.

ವಿಶಾಲಾಕ್ಷಿ

*

ಅಜ್ಜಂಪುರ
25 ಸೆಪ್ಟೆಂಬರ್ 1978, ಸಂಜೆ

ಮಗಳೇ,

ಶುಕ್ರವಾರ ನಿನ್ನ ಕಾಗದ ಬಂತು. ಮೊದಲು ಸಿಟ್ಟು ಬಂತು, ಅದನ್ನು ಮುಚ್ಚಿಡುವುದಿಲ್ಲ. ನಿಮ್ಮವ್ವ ತಟ್ಟೆ ಮುಂದಿಟ್ಟು, "ಮದ್ದು ಹೆಚ್ಚೋ, ಮಗಳು ಹೆಚ್ಚೋ, ಅದನ್ನ ಹೇಳಿ ಉಣ್ಣಿ" ಅಂದಳು. ಆ ಹೊತ್ತು ಉಣ್ಣಲಿಲ್ಲ.

ನಿನಗೆ ಗೊತ್ತಿಲ್ಲದ ಒಂದು ಕಟ್ಟಳೆ ನಮ್ಮ ಮನೆಯಲ್ಲಿದೆ. ಮದ್ದು ಕೊಡುವವನು ತನ್ನ ಬಾಯಿಂದಲೇ ಮದ್ದು ಹಿಡಿಯಲಿಲ್ಲ ಅಂತ ಹೇಳಿದರೆ, ಮುಂದಿನ ಶಿವರಾತ್ರಿಯ ತನಕ ಬೇರು ಮುಟ್ಟಕೂಡದು. ಹಾಗೆ ಹೇಳಿದವರು ನಾಲ್ಕು ತಲೆಮಾರಿನಲ್ಲಿ ಯಾರೂ ಇಲ್ಲ. ಮದ್ದು ಎಲ್ಲರಿಗೂ ಹಿಡಿಯಿತೋ, ಹಿಡಿಯದ್ದನ್ನು ಅವರು ಹೇಳದೆ ಇದ್ದರೋ, ಈಗ ನನಗೆ ಅನುಮಾನ ಬಂದಿದೆ.

ನಿನ್ನೆ ಭಾನುವಾರ ಇಪ್ಪತ್ತೆರಡು ಜನ ಕೂತಿದ್ದರು. ಪಾಪಮ್ಮನೂ ಇದ್ದಳು. ಎಲ್ಲರ ಮುಂದೆ ಹೇಳಿದೆ. "ನನ್ ಮಗಳಿಗೆ ನನ್ ಮದ್ದು ಹಿಡೀಲಿಲ್ಲ. ಶಿವರಾತ್ರಿಗಂಟ ನಾನು ಮದ್ದು ಹಾಕಾಕಿಲ್ಲ" ಅಂದೆ. ಐದಾರು ಜನ ಎದ್ದು ಹೋದರು. ಉಳಿದವರನ್ನು ನಿಮ್ಮವ್ವ ಒಳಗೆ ಕರೆದು ಕಿಟಕಿ ಮುಚ್ಚಿ ಮಲಗಿಸಿದಳು, ಬಟ್ಟೆ ಹಾಕಿದಳು, ಅಂಬಲಿ ಕೊಟ್ಟಳು. ಹೊತ್ತೇರುವಷ್ಟರಲ್ಲಿ ಅವರಲ್ಲಿ ಒಂಬತ್ತು ಹತ್ತು ಜನ ಹಗುರವಾಯಿತು ಅಂದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಮೂವತ್ತು ವರ್ಷ ಆ ಕೋಣೆಯ ಒಳಗೆ ಏನು ನಡೆಯುತ್ತದೆಂದು ನಾನು ಒಂದು ದಿನವೂ ನೋಡಿರಲಿಲ್ಲ.

ಇವತ್ತು ಬೆಳಗಿನ ಗಾಡಿಗೆ ಕಡೂರಿಗೆ ಬಂದಿದ್ದೆ. ಬರಬೇಡಿ ಅಂದಿದ್ದೆಯಲ್ಲ, ನಿನ್ನ ಹತ್ತಿರ ಬರಲಿಲ್ಲ. ಷಣ್ಮುಖಪ್ಪನವರ ಮನೆ ಕೇಳಿಕೊಂಡು ಹೋಗಿ ಕಾಗದ ಅವರ ಕೈಗೆ ಕೊಟ್ಟು, ಕೂರಿ ಅಂದರೂ ಕೂರದೆ ವಾಪಸ್ಸು ಬಂದೆ. ಅದರ ನಕಲು ಇಲ್ಲಿದೆ.

"ಮಾನ್ಯರಾದ ಷಣ್ಮುಖಪ್ಪನವರಿಗೆ ಅಜ್ಜಂಪುರದ ಗಂಗಾಧರಯ್ಯನ ಅರಿಕೆ. ಇದೇ ಹದಿನೇಳನೇ ತಾರೀಖು ಭಾನುವಾರ ನನ್ನ ಜಗಲಿಯಲ್ಲಿ ನಾನು ತಮಗೆ ಹೇಳಿದ್ದು ನಿಜವಲ್ಲ. ನನ್ನ ಮದ್ದು ನನ್ನ ಮಗಳು ವಿಶಾಲಾಕ್ಷಿಗೆ ಹಿಡಿಯಲಿಲ್ಲ. ಅವಳ ಅರೆತಲೆನೋವು ಇವತ್ತಿಗೂ ಇದೆ. ನನ್ನ ಮರ್ಯಾದೆ ಉಳಿಸಲು ಅವಳು ನನಗೆ ಸುಳ್ಳು ಹೇಳಿದಳು, ಕೆಲಸ ಉಳಿಸಿಕೊಳ್ಳಲು ತಮಗೆ ಸುಳ್ಳು ಹೇಳಿದಳು. ಎರಡೂ ತಪ್ಪು, ಎರಡಕ್ಕೂ ಮೂಲ ನಾನು. ಇದೇ ಜೂನಿನಲ್ಲಿ ಪಂಚನಹಳ್ಳಿಯಿಂದ ಮರದಿಂದ ಬಿದ್ದವನಿಗಾಗಿ ಫೋನು ಬಂದ ದಿನ ಅವಳಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. ಆ ಸ್ಥಿತಿಯಲ್ಲೇ ನಾಲ್ಕು ನಿಮಿಷದಲ್ಲಿ ಆಸ್ಪತ್ರೆಗೆ ಲೈನು ಕೊಟ್ಟಳು. ತಮ್ಮ ಮನೆಯಲ್ಲೂ ಈ ನೋವು ಇದೆ. ಅದನ್ನು ಇಟ್ಟುಕೊಂಡು ಒಂದು ಗಂಟೆ ಕೂತು ಕೆಲಸ ಮಾಡುವುದು ಏನೆಂದು ತಮ್ಮ ಮನೆಯವರನ್ನು ಕೇಳಿ, ಆಮೇಲೆ ನನ್ನ ಮಗಳು ಲಾಯಕ್ಕೋ ಅಲ್ಲವೋ ತೀರ್ಮಾನ ಮಾಡಿ. ನನ್ನ ಮದ್ದಿನ ಬಗ್ಗೆ ಇಷ್ಟು ದಿನ ಹೆಮ್ಮೆಪಟ್ಟೆ. ಇವತ್ತು ಮಗಳ ಬಗ್ಗೆ ಪಡುತ್ತಿದ್ದೇನೆ."

ಇಷ್ಟನ್ನೇ ಬರೆದೆ. ನಿನ್ನ ಕೆಲಸ ಹೇಗಿದೆಯೆಂದು ನಾನು ಒಂದು ಸಲವೂ ಕೇಳಲಿಲ್ಲ ಅಂತ ನೀನು ಹಿಂದೆ ಬರೆದಿದ್ದೆ. ಈಗ ಕೇಳುತ್ತಿದ್ದೇನೆ.

ನಿನ್ನ ಅಪ್ಪ

*

ಕಡೂರು
20 ನವೆಂಬರ್ 1978

ಪ್ರೀತಿಯ ಅಪ್ಪನಿಗೆ, ಅವ್ವನಿಗೆ ನಮಸ್ಕಾರಗಳು.

ಆದೇಶ ಕೈಗೆ ಬರುವ ತನಕ ಬರೆಯಬಾರದು ಅಂತ ಇದ್ದೆ, ಇಷ್ಟು ದಿನ ಕಾಯಿಸಿದ್ದಕ್ಕೆ ಬೈಯಬೇಡಿ. ಇವತ್ತು ಬಂತು. ನಾನು ಕಾಯಂ ಆದೆ.

ಸಾಹೇಬರು ನಿಮ್ಮ ಕಾಗದವನ್ನು ಮನೆಯಲ್ಲಿ ಸಾವಿತ್ರಮ್ಮನವರಿಗೆ ಓದಿ ಹೇಳಿದರಂತೆ. ಅದನ್ನು ಸಾಹೇಬರೇ ನನಗೆ ಹೇಳಿದರು. "ನಂಗೆ ಬಂದ್ರೆ ನೀರು ಕೊಡೋಕೂ ಯಾರಾದ್ರೂ ಬೇಕು, ಆ ಹುಡುಗಿ ಬೋರ್ಡ್ ಮುಂದೆ ಕೂತಿದ್ಲಾ" ಅಂತ ಆಕೆ ಕೇಳಿದರಂತೆ. ಪಂಚನಹಳ್ಳಿಯ ಫೋನಿನ ಸಂಗತಿಯನ್ನು ಸಾಹೇಬರು ಬೀರೂರಿನವರ ಹತ್ತಿರ ವಿಚಾರಿಸಿ ಖಾತ್ರಿ ಮಾಡಿಕೊಂಡರು. ಸುಳ್ಳು ಬರೆದದ್ದಕ್ಕೆ ಲಿಖಿತವಾಗಿ ಎಚ್ಚರಿಕೆ ಕೊಟ್ಟರು, ಅದು ನನಗೆ ಸಲ್ಲಬೇಕಾದದ್ದೇ. ಭಾನುವಾರ ಬೆಳಗಿನ ಡ್ಯೂಟಿ ಈಗ ಸರದಿಯ ಮೇಲೆ ಎಲ್ಲರಿಗೂ ಬರುತ್ತದೆ. ಕಿಟಕಿಗೆ ದಪ್ಪ ಪರದೆ ಹಾಕಿಸಿದ್ದಾರೆ.

ಕೆಲಸ ಹೇಗಿದೆ ಅಂತ ಕೇಳಿದಿರಿ. ಅದನ್ನು ಬರೆಯಲು ಒಂದು ಕಾಗದ ಸಾಲುವುದಿಲ್ಲ, ಒಂದು ದಿನ ಬಂದು ಹೊರಗಿನ ಬೆಂಚಿನಲ್ಲಿ ಕೂತು ಕೇಳಿ. ಜಗಲಿಯಲ್ಲಿ ನೀವು ಹೇಳಿದ ಸುದ್ದಿ ಇಲ್ಲಿಗೂ ತಲುಪಿದೆ. ದೇವನೂರಿನ ಒಬ್ಬ ವ್ಯಾಪಾರಿ ಮೊನ್ನೆ ಟ್ರಂಕ್ ಕಾಲ್ ಬುಕ್ ಮಾಡುವಾಗ, "ನೀವು ಮದ್ದು ನಿಲ್ಲಿಸಿದ ಅಯ್ಯನವರ ಮಗಳೇ?" ಅಂತ ನನ್ನನ್ನು ಕೇಳಿದರು. ಹೌದು ಅಂತ ನಾನು ಎಷ್ಟು ಜೋರಾಗಿ ಹೇಳಿದೆನೆಂದರೆ ಪಕ್ಕದವರೆಲ್ಲ ತಿರುಗಿ ನೋಡಿದರು.

ಮಧ್ಯಾಹ್ನದಿಂದ ಎಡಗಣ್ಣಿನ ಹಿಂದೆ ಕುಟುಕಲು ಶುರುವಾಗಿದೆ. ಶುಂಠಿ ಕಷಾಯ ಕುಡಿದೆ, ಇನ್ನು ಕಿಟಕಿ ಮುಚ್ಚಿ ಮಲಗುತ್ತೇನೆ. ನಾಳೆಗೆ ರಜ ಕೇಳಿದ್ದೇನೆ. ಅರ್ಜಿಯಲ್ಲಿ ಕಾರಣ ಅನ್ನುವ ಕಡೆ ಅರೆತಲೆನೋವು ಅಂತ ದೊಡ್ಡ ಅಕ್ಷರದಲ್ಲಿ ಬರೆದೆ. ಸಾಹೇಬರು ಓದಿ, ಏನೂ ಕೇಳದೆ, ಸಹಿ ಹಾಕಿ ಕೊಟ್ಟರು.

ನಿಮ್ಮ ಮಗಳು
ವಿಶಾಲಾಕ್ಷಿ